ದೀಪಾಲದಿನ್ನೆಯಲ್ಲಿ ಉಳಿದದ್ದು

ಬೆಂಕಿಗೆ ಇನ್ನೊಂದು ಕೊರಡು ಹಾಕಿ, ಹತ್ತಿರ ಬನ್ನಿ. ಕೃಷ್ಣಾ ದಂಡೆಯ ಅಮರಾವತಿಗೆ ಹೋದ ದಿನ ನಾನು ಕಂಡದ್ದು ಹುಲ್ಲು ಬೆಳೆದ ತಗ್ಗು ದಿಬ್ಬ, ಸುತ್ತ ಒಂದಷ್ಟು ಕಲ್ಲುಕಂಬ. ಎರಡು ಸಾವಿರ ವರ್ಷ ಹಳೆಯ ಮಹಾಸ್ತೂಪದ ಜಾಗ ಅದು. ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಅಲ್ಲಿ ನಡೆದದ್ದು ಹೀಗೆ.

1790ರ ದಶಕದ ಕೊನೆ. ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಲ್ಲಿ ಹೊಸ ಊರು ಕಟ್ಟಿಸುತ್ತಿದ್ದ. ಇಟ್ಟಿಗೆ, ಕಲ್ಲು, ಸುಣ್ಣ ಬೇಕಿತ್ತು. ಜನ ದೀಪಾಲದಿನ್ನೆ ಎಂದು ಕರೆಯುತ್ತಿದ್ದ ದಿಬ್ಬ ಅಗೆದರು. ಬಿಳಿ ಸುಣ್ಣಕಲ್ಲಿನ ಚಪ್ಪಡಿಗಳು ಎದ್ದವು, ಮೈತುಂಬ ಕೆತ್ತನೆ! ಸುದ್ದಿ ಕೇಳಿ ಬಂದವನು ಕಾಲಿನ್ ಮೆಕೆಂಜಿ. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಸಿದವನೂ ಇವನೇ. ನಮ್ಮ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಶಾಸನ ಓದಿ ಹೇಳುತ್ತಿದ್ದುದು ಇವನಿಗೇ.

1816ರಲ್ಲಿ, ಭಾರತದ ಸರ್ವೇಯರ್ ಜನರಲ್ ಆದ ಮೇಲೆ, ಮೆಕೆಂಜಿ ಮತ್ತೆ ಬಂದ. ಅಷ್ಟರಲ್ಲಿ ದಿಬ್ಬದ ನಡುಭಾಗವನ್ನು ಅಗೆದು ಕೊಳ ಮಾಡಿದ್ದರು. ಆಗ ಅವನು ಮಾಡಿಸಿದ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಚಿತ್ರಕಾರರನ್ನು ಕೂರಿಸಿ, ಉಳಿದ ಚಪ್ಪಡಿಗಳನ್ನು ಒಂದೊಂದಾಗಿ ಬರೆಸಿದ. ಕಮಲದ ಎಸಳು, ಆನೆಯ ಸೊಂಡಿಲು, ಮುರಿದ ಅಂಚು ಯಾವುದನ್ನೂ ಅವರು ಬಿಡಲಿಲ್ಲ. ದಿಬ್ಬದ ನಕ್ಷೆಯೂ ಆಯಿತು. ಅವರು ಬರೆದ ಎಷ್ಟೋ ಕಲ್ಲು ಇಂದು ಎಲ್ಲೂ ಇಲ್ಲ. ಚಿತ್ರ ಮಾತ್ರ ಇದೆ.

ಆಮೇಲಿನವರೂ ಪ್ರೀತಿಯಿಂದಲೇ ಬಂದರು. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿ ಮದರಾಸಿಗೆ ಸಾಗಿಸಿದ ಕಲ್ಲುಗಳು ವರ್ಷಗಟ್ಟಲೆ ಬಯಲಲ್ಲಿ ಬಿಸಿಲು ಮಳೆಗೆ ನೆನೆದು ಒಣಗಿದವು. 1859ರಲ್ಲಿ ಅವು ಲಂಡನ್ನಿಗೆ ಹಡಗು ಹತ್ತಿದವು. 1877ರಲ್ಲಿ ರಾಬರ್ಟ್ ಸೆವೆಲ್ ಅಗೆಸಿದ. 1880ರಲ್ಲಂತೂ ಮದರಾಸಿನ ಗವರ್ನರ್, ಬಕಿಂಗ್‌ಹ್ಯಾಮ್ ಡ್ಯೂಕ್, ಇಡೀ ಜಾಗ ತೆರವು ಮಾಡಿಸಿದ. ಮರುವರ್ಷ ಪುರಾತತ್ವದ ಜೇಮ್ಸ್ ಬರ್ಜೆಸ್ ಬಂದಾಗ ಅವನೆದುರು ಇದ್ದದ್ದು ಒಂದು ದೊಡ್ಡ ಗುಂಡಿ. ಯಾವ ಪದರದಲ್ಲಿ ಏನಿತ್ತು, ಯಾವ ಕಲ್ಲಿನ ಪಕ್ಕ ಯಾವುದಿತ್ತು, ಎಲ್ಲ ಅಳಿಸಿಹೋಗಿತ್ತು. ಸುಣ್ಣಕ್ಕೆಂದು ಕಲ್ಲು ಸುಟ್ಟವನಿಗೆ ಅದರ ಬೆಲೆ ತಿಳಿದಿರಲಿಲ್ಲ. ತಿಳಿದವರೇ ಗುರುತು ಹಾಕಿಕೊಳ್ಳದೆ ಅಗೆದದ್ದು ನನಗೆ ಹೆಚ್ಚು ನೋವು ಕೊಡುತ್ತದೆ.

ಆದರೂ ಸ್ತೂಪದ ರೂಪ ನಮಗೆ ಗೊತ್ತಿದೆ. ಆ ಕಾಲದ ಶಿಲ್ಪಿಗಳು ಚಪ್ಪಡಿಗಳ ಮೇಲೇ ಇಡೀ ಸ್ತೂಪವನ್ನು, ಅದರ ಕಟಕಟೆ, ಬಾಗಿಲ ಸಿಂಹ, ಸುತ್ತ ಕೈಮುಗಿದ ಜನರ ಸಮೇತ ಕೆತ್ತಿಟ್ಟಿದ್ದಾರೆ. ಚೆನ್ನೈಗೆ ಹೋದರೆ ಎಗ್ಮೋರಿನ ಮ್ಯೂಸಿಯಂ ತಪ್ಪಿಸಬೇಡಿ. ಅಮರಾವತಿಯ ಕಲ್ಲುಗಳ ದೊಡ್ಡ ಪಾಲು ಅಲ್ಲಿದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವಸರ ಮಾಡದೆ ನೋಡಿ.