ನೊರಜಿನ ಲೆಕ್ಕ

ಪುಣೆಯ ಲ್ಯಾಬಿನಲ್ಲಿ ಅವಳ ಮೇಜಿಗೆ ಬರುವ ತುಂಡುಗಳಲ್ಲಿ ಬಹುಪಾಲು ಖಾಲಿ. ಹುಣಸೆಬೀಜದಷ್ಟು ದೊಡ್ಡದು, ಹಳೆ ಬೆಲ್ಲದ ಬಣ್ಣ. ಸಣ್ಣ ಗರಗಸದಲ್ಲಿ ಒಂದು ಮೂಲೆ ಕೊಯ್ದು, ನೀರು ಹಾಕಿ ಮರಳು ಕಾಗದದ ಮೇಲೆ ತಿಕ್ಕಿ, ಒಳಗೆ ಇಣುಕುವಷ್ಟು ನುಣುಪಾದ ಕಿಟಕಿಯೊಂದನ್ನು ಮಾಡಿಕೊಂಡು ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಕಾಣುವುದು ಗಾಳಿಗುಳ್ಳೆ, ತೊಗಟೆಯ ಪುಡಿ, ಬಿರುಕು. ಪುಣ್ಯವಿದ್ದ ದಿನ ಒಂದು ನೊರಜು.

ಊರಿಂದ ಫೋನು ಬಂದಾಗ ಅಪ್ಪನದ್ದು ಒಂದೇ ಪ್ರಶ್ನೆ. "ಎಂತ ಮಗಾ, ಇವತ್ತಾದ್ರೂ ಏನಾದ್ರೂ ಸಿಕ್ತಾ?"

"ನೊರಜು ಅಪ್ಪಾ."

"ಅದಕ್ಕೆ ಪುಣೆವರೆಗೆ ಹೋಗ್ಬೇಕಿತ್ತಾ? ನಮ್ಮ ಕೊಟ್ಟಿಗೇಲಿ ಬೇಕಾದಷ್ಟು ಇದಾವಲ್ಲ!"

ಅಪ್ಪ ಹೇಳುವುದರಲ್ಲಿ ತಪ್ಪೇನಿಲ್ಲ. ವ್ಯತ್ಯಾಸ ಇಷ್ಟೇ, ಅವಳ ನೊರಜು ಐದು ಕೋಟಿ ವರ್ಷಕ್ಕೂ ಹಿಂದಿನದು. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್, ತಡಕೇಶ್ವರ ಎಂಬಲ್ಲಿ ಲಿಗ್ನೈಟ್ ತೆಗೆಯುವ ತೆರೆದ ಗಣಿಗಳಿವೆ. ಆ ಕಂದು ಕಲ್ಲಿದ್ದಲಿನ ಪದರಗಳ ನಡುವೆ ಅಂಬರ್, ಅಂದರೆ ಕಲ್ಲಾಗುವಷ್ಟು ಹಳೆಯದಾದ ಮರದ ರಾಳ, ಉಂಡೆಯುಂಡೆಯಾಗಿ ಸಿಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ತೃಣಮಣಿ ಎಂಬ ಹೆಸರಿದೆ. ಬಟ್ಟೆಗೆ ಉಜ್ಜಿದರೆ ಹುಲ್ಲಿನ ಎಸಳನ್ನು ಎಳೆದುಕೊಳ್ಳುತ್ತದೆ. ಗ್ರೀಕರು ಅದಕ್ಕಿಟ್ಟಿದ್ದ ಎಲೆಕ್ಟ್ರಾನ್ ಎಂಬ ಹೆಸರಿನಿಂದಲೇ ಮುಂದೆ ಎಲೆಕ್ಟ್ರಿಸಿಟಿ ಎಂಬ ಪದ ಹುಟ್ಟಿತು. ಗಣಿಯಲ್ಲಿ ಯಾರೂ ಆರಿಸಿಕೊಳ್ಳದೆ ಉಳಿದ ಅಂಬರ್ ಲಿಗ್ನೈಟಿನ ಜೊತೆಗೇ ಲಾರಿ ಹತ್ತಿ ಒಲೆ ಸೇರಿ ಕರೆಂಟಾಗುತ್ತದೆ. ಅದನ್ನು ತಡೆಯುವವರಿಲ್ಲ, ತಡೆಯುವುದು ಸಾಧ್ಯವೂ ಅಲ್ಲ. ಜೆಸಿಬಿ ಬರುವ ಮುಂಚೆ ಎಷ್ಟು ಕೈಗೆ ಸಿಕ್ಕಿತೋ ಅಷ್ಟು.

2010ರಲ್ಲಿ ಜರ್ಮನಿಯ ಜೆಸ್ ರಸ್ಟ್, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಹುಕಮ್ ಸಿಂಗ್, ನ್ಯೂಯಾರ್ಕಿನ ಡೇವಿಡ್ ಗ್ರಿಮಾಲ್ಡಿ ಮೊದಲಾದವರು ಈ ಅಂಬರಿನ ಬಗ್ಗೆ ಬರೆದ ಪ್ರಬಂಧವನ್ನು ಅವಳು ಎಂಎಸ್ಸಿ ಓದುವಾಗ ಹಾಸ್ಟೆಲಿನಲ್ಲಿ ಕೂತು ಓದಿದ್ದಳು. ಸುಮಾರು 150 ಕಿಲೋ ಅಂಬರ್ ಸೋಸಿ ಅವರು ಹುಡುಕಿದ್ದು 700ಕ್ಕೂ ಹೆಚ್ಚು ಕೀಟ, ಜೇಡಗಳನ್ನು; 55 ಕುಟುಂಬಗಳಿಗೆ ಸೇರಿದವು. ಆಫ್ರಿಕಾದ ಕಡೆಯಿಂದ ಬಿಡಿಸಿಕೊಂಡ ಭಾರತ ಕೋಟ್ಯಂತರ ವರ್ಷ ಒಂಟಿ ದ್ವೀಪವಾಗಿ ಉತ್ತರಕ್ಕೆ ತೇಲಿತ್ತು. ಹಾಗಾದರೆ ಇಲ್ಲಿನ ಹುಳುಗಳು ಬೇರೆಲ್ಲೂ ಇಲ್ಲದ ವಿಚಿತ್ರ ಜಾತಿಯವು ಇರಬೇಕಿತ್ತಲ್ಲ? ಇರಲಿಲ್ಲ. ಯುರೋಪು, ಏಷ್ಯಾ, ಅಮೆರಿಕಗಳ ಹಳೆಯ ಹುಳುಗಳ ನೆಂಟರೇ ಹೆಚ್ಚು ಸಿಕ್ಕರು. ಭೂಮಿ ಕೂಡುವ ಮೊದಲೇ ಹುಳುಗಳ ಓಡಾಟ ಇತ್ತು ಅಂತಾಯಿತು.

ಆದರೆ ಅವಳನ್ನು ಈ ಕೆಲಸಕ್ಕೆ ಎಳೆದದ್ದು ಹುಳು ಅಲ್ಲ, ಮರ. ರಾಸಾಯನಿಕ ಪರೀಕ್ಷೆಯಲ್ಲಿ ಆ ರಾಳ ಡಿಪ್ಟೆರೋಕಾರ್ಪ್ ಕುಟುಂಬದ ಮರಗಳದ್ದು ಎಂದು ಗೊತ್ತಾಗಿತ್ತು. ತೀರ್ಥಹಳ್ಳಿ ಸೀಮೆಯ ಅವರ ಮನೆಯ ಹಿಂದಿನ ಕಾಡಿನಲ್ಲಿರುವ ಸಾಲುಧೂಪವೂ ಅದೇ ಕುಟುಂಬ. (ಧೂಪದ ಹೆಸರಿನಲ್ಲಿ ಇನ್ನೊಂದು ಮರವೂ ಇದೆ, ಕರಿಧೂಪ, ಅದು ಬೇರೆಯದೇ ವಂಶ.) ಡಿಪ್ಟೆರೋಕಾರ್ಪ್ ಎಂದರೆ ಎರಡು ರೆಕ್ಕೆಯ ಕಾಯಿ. ಊರಿನ ಸಾಲುಧೂಪದ ಕಾಯಿಗೆ ರೆಕ್ಕೆ ಇಲ್ಲವೇ ಇಲ್ಲ, ಬಿದ್ದಲ್ಲೇ ಉರುಳುತ್ತದೆ. ಆಗ್ನೇಯ ಏಷ್ಯಾದ ಮಳೆಕಾಡುಗಳನ್ನು ಇವತ್ತು ಆಳುವುದು ಇದೇ ಕುಟುಂಬದ ದೈತ್ಯ ಮರಗಳು. ಅವು ಅಲ್ಲಿಂದ ಇಲ್ಲಿಗೆ ಬಂದವು ಎಂಬ ವಾದ ಬಹುಕಾಲ ಇತ್ತು. ಗುಜರಾತಿನ ಅಂಬರ್ ಆ ವಾದವನ್ನು ತಲೆಕೆಳಗು ಮಾಡುವಷ್ಟು ಹಳೆಯದು. ಮರಗಳು ಇಲ್ಲಿಂದಲೇ ಅಲ್ಲಿಗೆ ಹೋಗಿರುವ ಸಾಧ್ಯತೆ ಹೆಚ್ಚು.

ಚಿಕ್ಕವಳಿದ್ದಾಗ ಅಪ್ಪ ಕತ್ತಿಯಿಂದ ತೊಗಟೆಗೆ ಕಚ್ಚು ಹಾಕಿ ಬರುತ್ತಿದ್ದರು. ಕೆಲವು ದಿನ ಬಿಟ್ಟು ಹೋದರೆ ಗಾಯದ ಬಾಯಲ್ಲಿ ರಾಳ ಹರಳುಗಟ್ಟಿರುತ್ತಿತ್ತು. ಅದರಲ್ಲಿ ಇರುವೆ ಸಿಕ್ಕಿಕೊಂಡಿದ್ದರೆ ಅಮ್ಮ ಆರಿಸಿ ಬಿಸಾಡುತ್ತಿದ್ದಳು. ದೇವರ ಮುಂದೆ ಜೀವ ಸುಡಬಾರದು ಅಂತ. ಅಮ್ಮ ಬಿಸಾಡಿದ್ದನ್ನು ಹುಡುಕಿಕೊಂಡು ಮಗಳು ಮೂರು ವರ್ಷದಿಂದ ಕೂತಿದ್ದಾಳೆ.

ಈ ಮೂರು ವರ್ಷವೇ ತೊಂದರೆ. ಫೆಲೋಶಿಪ್ ಐದು ವರ್ಷದ್ದು. ಕೈಯಲ್ಲಿರುವುದು ನೊರಜುಗಳು, ಒಂದು ಅರ್ಧ ಗೆದ್ದಲು, ಯಾವುದೋ ಜೇಡದ ಎರಡು ಕಾಲು. ಗುಜರಾತಿನ ಅಂಬರಿನ ನೊರಜುಗಳ ಬಗ್ಗೆ ಜರ್ಮನಿಯ ಫ್ರಾಕೆ ಸ್ಟೆಬ್ನರ್ ಮತ್ತು ಜೊತೆಗಾರರು ಆಗಲೇ ದೊಡ್ಡ ಕೆಲಸ ಮಾಡಿ ಮುಗಿಸಿದ್ದಾರೆ. ಹೀಗಿರುವಾಗ ಜೊತೆಯ ಹುಡುಗನೊಬ್ಬ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಬರ್ಮಾದ ಅಂಬರ್, ಸುಮಾರು 10 ಕೋಟಿ ವರ್ಷ ಹಳೆಯದು, ಒಳಗೆ ತಲೆಯಿಂದ ಬಾಲದವರೆಗೆ ಸರಿಯಾಗಿ ಉಳಿದ ಒಂದು ಕಣಜ. ವ್ಯಾಪಾರಿ ಕೇಳಿದ್ದು ಅವಳ ಒಂದು ತಿಂಗಳ ಫೆಲೋಶಿಪ್ಪಿಗಿಂತ ಕಡಿಮೆ. "ಒಂದೇ ಪೇಪರ್, ನಿನ್ನ ಪಿಎಚ್‌ಡಿ ದಡ ಸೇರ್ತದೆ" ಅಂದ.

ಬರ್ಮಾದ ಅಂಬರ್ ಸಾಮಾನ್ಯ ವಸ್ತುವಲ್ಲ. ಗರಿಯಿದ್ದ ಡೈನೋಸಾರಿನ ಬಾಲದ ತುಂಡೊಂದು 2015ರಲ್ಲಿ ಮಿಚಿನಾದ ಸಂತೆಯಲ್ಲಿ ಚೀನಾದ ಶಿಂಗ್ ಲಿಡಾ ಅವರ ಕಣ್ಣಿಗೆ ಬಿದ್ದಿತ್ತು. ಮಾರುವವನು ಅದನ್ನು ಗಿಡದ ಎಳೆ ಅಂದುಕೊಂಡಿದ್ದ. ಆದರೆ ಆ ಗಣಿಗಳಿರುವ ಕಚಿನ್ ರಾಜ್ಯದ ಹುಕಾಂಗ್ ಕಣಿವೆಯಲ್ಲಿ ಸೈನ್ಯಕ್ಕೂ ಕಚಿನ್ ಪಡೆಗಳಿಗೂ ಕಾಳಗ. 2017ರಲ್ಲಿ ಸೈನ್ಯ ಗಣಿಗಳ ಮೇಲೆ ಹಿಡಿತ ಸಾಧಿಸಿತು, ಜನ ಊರು ಬಿಟ್ಟರು. 2020ರಲ್ಲಿ ಕಶೇರುಕ ಪಳೆಯುಳಿಕೆ ತಜ್ಞರ ಅಂತರರಾಷ್ಟ್ರೀಯ ಸಂಘವೊಂದು, 2017ರ ನಂತರ ಕೊಂಡ ಬರ್ಮಾ ಅಂಬರಿನ ಬಗೆಗಿನ ಪ್ರಬಂಧಗಳನ್ನು ಸದ್ಯಕ್ಕೆ ಪ್ರಕಟಿಸಬೇಡಿ ಎಂದು ಪತ್ರಿಕೆಗಳನ್ನು ಕೇಳಿಕೊಂಡಿತು. ಒಪ್ಪದವರೂ ಇದ್ದಾರೆ. ವಿಜ್ಞಾನಿಗಳು ಕೊಳ್ಳದಿದ್ದರೆ ಅದು ಯಾರದೋ ಕೊರಳಿನ ಪದಕವಾಗಿ ಕಣ್ಮರೆಯಾಗುತ್ತದೆ, ಅದನ್ನೇ ನಂಬಿದ ಬಡವರ ಗತಿ ಏನು ಎಂದು ಅವರು ಕೇಳುತ್ತಾರೆ. ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ ಅದು.

ಅವಳು ಎರಡು ರಾತ್ರಿ ಆ ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಕಣಜದ ಮೀಸೆಯ ಗಂಟುಗಳನ್ನೂ ಎಣಿಸಿದಳು. ಆಮೇಲೆ ವ್ಯಾಪಾರಿಗೆ ಒಂದೇ ಪ್ರಶ್ನೆ ಕಳಿಸಿದಳು: ಇದು ಯಾವ ವರ್ಷ ಗಣಿಯಿಂದ ಬಂತು? ಉತ್ತರ ಬೇಗ ಬಂತು. ನಿಮಗೆ ಯಾವ ವರ್ಷ ಬೇಕೋ ಆ ವರ್ಷದ ರಸೀದಿ ಕೊಡುತ್ತೇನೆ, ಮೇಡಂ.

ಅವಳು ಮತ್ತೆ ಬರೆಯಲಿಲ್ಲ. ಜೊತೆಯ ಹುಡುಗ ಒಂದು ವಾರ ಮಾತು ಬಿಟ್ಟ.

ಆ ವಾರವೇ ಅವಳು ತಡಕೇಶ್ವರದ ಒಂದು ತುಂಡನ್ನು ಕರಗಿಸಿದ್ದು. ಬಾಲ್ಟಿಕ್ ತೀರದ ಹೆಸರಾಂತ ಅಂಬರ್ ಹೀಗೆ ಕರಗುವುದಿಲ್ಲ; ಅದರ ಅಣುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಗುಜರಾತಿನದ್ದರಲ್ಲಿ ಆ ಹೆಣಿಗೆ ಸಡಿಲ. ಟಾಲುಯಿನ್‌ನಂಥ ದ್ರಾವಕದಲ್ಲಿ ಇಟ್ಟರೆ ರಾಳ ಕರಗಿ ಒಳಗಿನ ಹುಳು ಇಡಿಯಾಗಿ ಹೊರಬರುತ್ತದೆ. ಜೀವಂತ ಅಂದುಕೊಳ್ಳಬೇಡಿ, ಡಿಎನ್‌ಎಯೂ ಇಲ್ಲ. 1990ರ ದಶಕದಲ್ಲಿ ಅಂಬರಿನಿಂದ ಡಿಎನ್‌ಎ ತೆಗೆದೆವು ಎಂದವರ ಫಲಿತಾಂಶ ಬೇರೆಯವರು ಮಾಡಿ ನೋಡಿದಾಗ ಸಿಗಲಿಲ್ಲ. ಆದರೆ ಮೈಯ ಹೊರಪೊರೆ ಕೂದಲ ಸಮೇತ ಇರುತ್ತದೆ. ಒಮ್ಮೆ ಕರಗಿಸಿದರೆ ಮತ್ತೆ ರಾಳದೊಳಗೆ ಸೇರಿಸಲಾಗದು. ಹುಳು ಹೇಗೆ ಕೂತಿತ್ತು, ಪಕ್ಕದಲ್ಲಿ ಏನಿತ್ತು, ಎಲ್ಲ ಹೋಯಿತು. ಅದಕ್ಕೇ ಮೊದಲು ಎಲ್ಲ ಕಡೆಯಿಂದ ಚಿತ್ರ ತೆಗೆದುಕೊಂಡಳು, ನಾಲ್ಕು ದಿನ.

ಐದನೇ ದಿನ ಗಾಜಿನ ಬಟ್ಟಲಿನಲ್ಲಿ ರಾಳ ಜೇನಿನಂತೆ ಇಳಿಯಿತು. ಎಳ್ಳಿಗಿಂತ ಸಣ್ಣ ನೊರಜೊಂದು ಒಂದು ಪಕ್ಕಕ್ಕೆ ವಾಲಿ ತೇಲಿತು. ಒಂದು ಕಾಲು ಮುರಿಯಿತು. ಅವಳದೇ ಕೈ ನಡುಗಿದ್ದು. ಉಳಿದ ಐದು ಸರಿಯಿದ್ದವು. ಬಾಯಿಯ ಸೂಜಿಗಳೂ ಬಿಡಿಬಿಡಿಯಾಗಿ ಕಂಡವು. ಇದು ಯಾವುದರ ರಕ್ತ ಹೀರುತ್ತಿತ್ತು ಎಂದು ಯೋಚಿಸುತ್ತಿರುವಾಗ ಫೋನು ಬಂತು.

"ಎಂತ ಮಗಾ, ಏನಾದ್ರೂ ಸಿಕ್ತಾ?"

"ನೊರಜು ಅಪ್ಪಾ. ಈ ಸಲ ಕೈಗೇ ಸಿಕ್ತು."

"ಕಚ್ತಾ?"

"ಇನ್ನೂ ಇಲ್ಲ. ಅಪ್ಪಾ, ಸಾಲುಧೂಪಕ್ಕೆ ಈ ವರ್ಷ ಕಚ್ಚು ಹಾಕ್ತೀರಾ? ಇರುವೆ ಇದ್ರೆ ಅಮ್ಮನ ಹತ್ರ ಬಿಸಾಡ್ಬೇಡ ಅನ್ನಿ. ಹೋಲಿಸಿ ನೋಡಕ್ಕೆ ಬೇಕು."