ಸೀತಾಳೆ ದಂಡೆಯ ಬುಟ್ಟಿ

ಆರ್ಕಿಡ್ ಎಂದರೆ ನಮ್ಮ ಕಡೆಯ ಹಳಬರಿಗೆ ಏನೂ ಹೊಳೆಯದು. ಸೀತಾಳೆ ದಂಡೆ ಅನ್ನಿ, ತಕ್ಷಣ ಮುಖ ಅರಳುತ್ತದೆ. ಮುಂಗಾರಿನ ಹೊತ್ತಿಗೆ ಹಲಸಿನ ಕೊಂಬೆಯಿಂದ ನರಿಬಾಲದ ಹಾಗೆ ಇಳಿಬೀಳುವ, ಬಿಳಿಯ ಮೇಲೆ ನೇರಳೆ ಚುಕ್ಕಿಯ ಆ ಹೂಗೊಂಚಲನ್ನು ತೀರ್ಥಹಳ್ಳಿ ಸೀಮೆಯಲ್ಲಿ ಬೆಳೆದ ಯಾವ ಹೆಣ್ಣುಮಗಳು ತಾನೇ ಮುಡಿದಿಲ್ಲ? ವನವಾಸದಲ್ಲಿ ಸೀತಮ್ಮ ಮುಡಿದ ಹೂವು ಇದು ಅಂತ ಅಮ್ಮ ಹೇಳುತ್ತಿದ್ದಳು. ಅಸ್ಸಾಮಿನವರಿಗೆ ಇದೇ ಕೊಪೌ, ಅವರ ರಾಜ್ಯಪುಷ್ಪ. ಬಿಹು ಕುಣಿಯುವ ಹುಡುಗಿಯರ ತುರುಬಿಗೆ ಇದು ಬೇಕೇ ಬೇಕು. ಸಸ್ಯಶಾಸ್ತ್ರದವರು ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಕರೆಯುತ್ತಾರೆ. ಸೀತಮ್ಮನ ಹೂವಿಗೆ ಎಂಥಾ ಹೆಸರು, ನೋಡಿ!

ನಾನು ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ್ದು 1983ರಲ್ಲಿ. 1988ರಲ್ಲಿ ಬಡ್ತಿಯ ಜೊತೆಗೇ ಮುಂಬಯಿಗೆ ವರ್ಗವಾಯಿತು. ಹತ್ತು ವರ್ಷ ಡೊಂಬಿವಲಿಯ ಬಾಡಿಗೆ ಮನೆ. 1999ರಲ್ಲಿ ಸಾಲ ಮಾಡಿ ಕೋಪರಖೈರಣೆಯಲ್ಲಿ ಸಿಡ್ಕೋ ಕಟ್ಟಿದ ಫ್ಲ್ಯಾಟೊಂದನ್ನು ಕೊಂಡೆವು. ಆಗ ಇಲ್ಲಿಗೆ ರೈಲು ಇರಲಿಲ್ಲ. ಠಾಣೆಯ ಗಾಡಿ ನಮ್ಮಲ್ಲಿ ನಿಲ್ಲತೊಡಗಿದ್ದು 2004ರ ನವೆಂಬರಿನಲ್ಲಿ. ಅಲ್ಲಿಯ ತನಕ ವಾಶಿಗೆ ಬಸ್ಸು, ವಾಶಿಯಿಂದ ಲೋಕಲ್. ಗಿಡ ಸಾಕುವುದಿರಲಿ, ತುಳಸಿಗೆ ನೀರು ಹಾಕುವುದಕ್ಕೂ ಪುರಸೊತ್ತಿರಲಿಲ್ಲ.

2020ರ ಜನವರಿಯಲ್ಲಿ ನಿವೃತ್ತಳಾದಾಗ ಸಹೋದ್ಯೋಗಿಗಳು ಶಾಲು, ತೆಂಗಿನಕಾಯಿ ಜೊತೆಗೆ ಒಂದು ಡೆಂಡ್ರೋಬಿಯಂ ಗಿಡ ಕೊಟ್ಟರು. ಎರಡೇ ತಿಂಗಳಿಗೆ ಲಾಕ್‌ಡೌನ್. ಹೊರಗೆ ಹೋಗುವ ಹಾಗಿಲ್ಲ, ಮಾತಾಡಲು ಮನೆಯವರು ಬಿಟ್ಟರೆ ಆ ಗಿಡ. ಅದರ ಭಾಷೆ ಕಲಿತೆ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರವೊಂದಿರುತ್ತದೆ. ನೀರು ಕುಡಿದಾಗ ಅದು ಹಸಿರಾಗುತ್ತದೆ, ಒಣಗಿದಾಗ ಬೆಳ್ಳಗಾಗುತ್ತದೆ. ಬೆಳ್ಳಗಾದ ಮೇಲೆಯೇ ನೀರು ಹಾಕಬೇಕು, ಅದೂ ಬೆಳಿಗ್ಗೆ. ಮೋರ್ಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರನ್ನು ನಾನು ರಾತ್ರಿ ಬಕೆಟ್ಟಿನಲ್ಲಿ ಹಿಡಿದಿಟ್ಟು ಮರುದಿನ ಹಾಕುತ್ತೇನೆ. ಮಣ್ಣು ಮಾತ್ರ ಬೇಡವೇ ಬೇಡ. ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು, ಅಷ್ಟೇ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಇಲ್ಲಿಯ ಮಳೆಗಾಲದಲ್ಲಿ ಸಾಯುವ ಆರ್ಕಿಡ್‌ಗಳೆಲ್ಲ ಹೆಚ್ಚಾಗಿ ಕೊಳೆತೇ ಸಾಯುತ್ತವೆ.

ಎರಡು ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸಬೇಕು. ಹಳೆಯ ಸಿಪ್ಪೆ ಪುಡಿಯಾಗಿ ಗಾಳಿ ಆಡುವುದಿಲ್ಲ. ಹೂವು ಮುಗಿದು ಹೊಸ ಬೇರಿನ ಹಸಿರು ತುದಿ ಕಂಡಾಗ ಸಮಯ ಸರಿ. ಕುಂಡವನ್ನು ಅರ್ಧ ಗಂಟೆ ನೀರಿನಲ್ಲಿ ಇಟ್ಟರೆ ಬೇರು ಮೆತ್ತಗಾಗಿ ಬಳುಕುತ್ತದೆ. ಬ್ಲೇಡನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಆರಿಸಿಕೊಂಡು, ಕಂದಾಗಿ ಪೊಳ್ಳಾದ ಬೇರುಗಳನ್ನಷ್ಟೇ ಕತ್ತರಿಸಬೇಕು. ಗಟ್ಟಿ ಇದ್ದದ್ದನ್ನು ಮುಟ್ಟಬಾರದು. ಕತ್ತರಿಸಿದ ಜಾಗಕ್ಕೆ ಚಕ್ಕೆ ಪುಡಿ ಹಚ್ಚಬೇಕು. ಆಮೇಲೆ ನಾಲ್ಕೈದು ದಿನ ನೀರಿಲ್ಲ, ಬರೀ ತುಂತುರು. ಗಾಯ ಒಣಗಬೇಕಲ್ಲ. ಕೆಲವು ಬೇರು ಮಣ್ಣಿನ ಕುಂಡವನ್ನೇ ಕಚ್ಚಿ ಹಿಡಿದಿರುತ್ತವೆ. ಎಳೆದರೆ ಸಿಪ್ಪೆ ಕಿತ್ತು ಬರುತ್ತದೆ. ಆಗ ಕುಂಡವನ್ನು ಒಡೆದು, ಬೇರು ಅಂಟಿದ ಚೂರನ್ನು ಹಾಗೆಯೇ ಹೊಸ ಕುಂಡದೊಳಗೆ ಇಡುವುದು ವಾಸಿ.

ಸೀತಾಳೆ ದಂಡೆ ಬಂದದ್ದು ಆಮೇಲೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಗಾಳಿಗೆ ಊರ ಮನೆಯಂಗಳದ ಹಲಸಿನ ಕೊಂಬೆ ಮುರಿದು ಬಿತ್ತು. "ಬಾವಿಕಟ್ಟೆ ಹತ್ರ ತೂಗಿಹಾಕಿದೀನಿ, ಬಂದಾಗ ತಗಂಡು ಹೋಗು" ಅಂತ ಅಣ್ಣ ಫೋನು ಮಾಡಿದ. ದೀಪಾವಳಿಗೆ ಹೋದವಳು ಅದನ್ನು ಬಟ್ಟೆಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ತೇಗದ ಪಟ್ಟಿಗಳ ಬುಟ್ಟಿಯಲ್ಲಿ ಕೂರಿಸಿ ಪೂರ್ವದ ಬಾಲ್ಕನಿಯಲ್ಲಿ ತೂಗಿಬಿಟ್ಟೆ. ಒಂದು ವರ್ಷ ಸುಮ್ಮನಿತ್ತು. ಎರಡನೇ ವರ್ಷವೂ ಎಲೆ ಮಾತ್ರ. 2024ರ ಜೂನಿನಲ್ಲಿ ಒಂದು ದಂಡೆ ಇಳಿಯಿತು.

ಎದುರುಮನೆಯ ಅಜ್ಜಿ ರತ್ನಾಗಿರಿ ಕಡೆಯವರು. ಇಪ್ಪತ್ತೈದು ವರ್ಷ ನಮ್ಮ ನಡುವೆ ನಡೆದದ್ದು ಹಾಲು ಹೆಪ್ಪು, ಗ್ಯಾಸ್ ಸಿಲಿಂಡರಿನ ಮಾತು. ಅಂದು ಬಾಗಿಲಲ್ಲಿ ನಿಂತು, "ಅಗಂ ಬಾಯೀ, ಹೀ ತರ್ ಸೀತೇಚೀ ವೇಣೀ!" ಎಂದರು. ಅವರಲ್ಲಿಯೂ ಅದು ಸೀತೆಯದೇ ಜಡೆಯಂತೆ! ಎಂಬತ್ತು ದಾಟಿದ ಆ ಜೀವ ನಾಲ್ಕು ಹೂವು ಬಿಡಿಸಿಕೊಂಡು ತಮ್ಮ ಬಿಳಿ ತುರುಬಿಗೆ ಸಿಕ್ಕಿಸಿಕೊಂಡು ಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಮರದ ಮೇಲೆ ಬೆಳೆಯುವುದನ್ನೆಲ್ಲ ನಾವು ಬಂದಳಿಕೆ ಎಂದುಬಿಡುತ್ತೇವೆ. ಪಂಡಿತರೂ ಹಾಗೆಯೇ. ಆರ್ಕಿಡ್‌ಗಳ ಒಂದು ಕುಲಕ್ಕೆ ವಂಡಾ ಎಂದು ಹೆಸರು. ಅದು ಸಂಸ್ಕೃತದ ವಂದಾ ಶಬ್ದ. ಅಮರಕೋಶದಲ್ಲಿ ಅದಕ್ಕಿರುವ ಪರ್ಯಾಯಗಳಲ್ಲಿ ವೃಕ್ಷಾದನೀ ಒಂದು, ಅಂದರೆ ಮರ ತಿನ್ನುವುದು. ಪಾಪ, ಸೀತಾಳೆ ಮರವನ್ನು ತಿನ್ನುವುದಿಲ್ಲ. ಬಂದಳಿಕೆ ಕೊಂಬೆಯೊಳಗೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಯನ್ನು ಅಪ್ಪಿ ಹಿಡಿಯುತ್ತದೆ ಅಷ್ಟೆ. ಮಳೆ, ಮಂಜು, ಗಾಳಿ ತಂದ ಕಸದಲ್ಲೇ ಅದರ ಸಂಸಾರ. ನಾನು ಬಂದ ಹೊಸತರಲ್ಲಿ ಲೋಕಲಿನಲ್ಲಿ ಜಾಗಕ್ಕೆ ಜಗಳವಾದಾಗ, ಹೊರಗಿನವರು ಬಂದು ನಮ್ಮ ಅನ್ನ ತಿಂದರು ಎಂದು ಒಬ್ಬಾಕೆ ಕಿರುಚಿದ್ದಳು. ಆಗ ಉತ್ತರ ಕೊಡುವಷ್ಟು ಮರಾಠಿ ನನಗೆ ಬರುತ್ತಿರಲಿಲ್ಲ. ಈಗ ಮರಾಠಿ ಬರುತ್ತದೆ, ಉತ್ತರ ಬಾಲ್ಕನಿಯಲ್ಲಿ ತೂಗುತ್ತಿದೆ.

ಈಗ ನಮ್ಮ ಕಟ್ಟಡ ಕೆಡವಿ ಹೊಸತು ಕಟ್ಟುವ ಮಾತು ಪಕ್ಕಾ ಆಗಿದೆ. ಮೂರು ವರ್ಷ ಬೇರೆಲ್ಲಾದರೂ ಬಾಡಿಗೆಗೆ ಇರಬೇಕು. ಅರವತ್ತೈದರ ನನಗೆ, ಮಂಡಿನೋವಿನ ಮನೆಯವರಿಗೆ, ಮೂರು ವರ್ಷ ಅಂದರೆ ಸಣ್ಣ ಮಾತಲ್ಲ. ಅಣ್ಣ ಅನ್ನುತ್ತಾನೆ: "ಸಾಕು ಮಾರಾಯ್ತಿ, ಊರಿಗೇ ಬಂದ್ಬಿಡಿ. ಮನೆ ಖಾಲಿ ಹೊಡೀತಾ ಇದೆ." ಪುಣೆಯ ಮಗಳು, "ಇಲ್ಲಿಗೆ ಬನ್ನಿ ಅಮ್ಮಾ" ಅನ್ನುತ್ತಾಳೆ. ಇಬ್ಬರದ್ದೂ ಪ್ರೀತಿಯೇ. ರಾತ್ರಿ ನಿದ್ದೆ ಬಾರದೆ ಎರಡನ್ನೂ ಲೆಡ್ಜರಿನ ಎಡ ಬಲದ ಹಾಗೆ ಬರೆದು ನೋಡಿದೆ. ತಾಳೆಯಾಗಲಿಲ್ಲ. ಊರ ಮನೆಯಲ್ಲಿ ಈಗ ಅಮ್ಮನಿಲ್ಲ, ಆ ಹಲಸೂ ಇಲ್ಲ. ಇಲ್ಲಿ ಔಷಧಿ ಅಂಗಡಿಯ ಹುಡುಗನಿಗೆ ನಮ್ಮ ಮಾತ್ರೆಗಳ ಹೆಸರು ಬಾಯಿಪಾಠ. ಎದುರುಮನೆಯ ಅಜ್ಜಿಯನ್ನು ಅವರ ಮಗ ಎಲ್ಲಿಗೆ ಕರೆದೊಯ್ಯುತ್ತಾನೋ ಗೊತ್ತಿಲ್ಲ. ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸೀತಾಳೆಯ ಬುಟ್ಟಿಯೂ ಇಕ್ಕಟ್ಟಾಗಿದೆ. ಡೆಂಡ್ರೋಬಿಯಂನಂತೆ ಅದನ್ನು ಬಿಡಿಸಿ ನೆಡಲಾಗದು. ಬೇರು ಕದಲಿಸಿದರೆ ಅದು ಸಹಿಸುವುದಿಲ್ಲ, ಮುನಿಸಿಕೊಂಡು ವರ್ಷಗಟ್ಟಲೆ ಹೂ ಬಿಡದು. ಹಳೆಯ ಬುಟ್ಟಿಯನ್ನೇ ಇನ್ನೊಂದು ದೊಡ್ಡ ಬುಟ್ಟಿಯೊಳಗೆ ಇಟ್ಟುಬಿಡಬೇಕು. ಬೇರು ಬೇಕಾದಾಗ ತಾನೇ ದಾಟಿಕೊಳ್ಳುತ್ತದೆ. ದೊಡ್ಡ ಬುಟ್ಟಿ ತಂದಾಗಿದೆ.

ಇದೇ ಸೆಕ್ಟರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಅಜ್ಜಿಯ ಮಗನಿಗೂ ಹತ್ತಿರದಲ್ಲೇ ನೋಡಪ್ಪಾ ಎಂದು ಹೇಳಿದ್ದೇನೆ. ಮೊನ್ನೆ ಏಜೆಂಟ್ ಒಂದು ಮನೆ ತೋರಿಸಿದ. ಅಡುಗೆಮನೆ, ಕೋಣೆ ಯಾವುದನ್ನೂ ನೋಡದೆ ನಾನು ಬಾಲ್ಕನಿಗೆ ಹೋಗಿ ಪೂರ್ವ ಯಾವ ಕಡೆ ಎಂದು ಕೇಳಿದೆ. ಅವನು ತಲೆಯಾಡಿಸಿ, "ವಾಸ್ತು ಏಕದಂ ಬರೋಬರ್ ಆಹೆ, ಕಾಕೂ" ಎಂದ. ನಾನು ಚಾವಣಿಯಲ್ಲಿ ಕೊಕ್ಕೆ ಇದೆಯೇ ಎಂದು ನೋಡುತ್ತಿದ್ದೆ.