ಗಾಜು ಕೂರಿಸಿದ ಮೇಲೆ ನಾಲ್ಕು ಗಂಟೆ

ಮಕ್ಕಳೇ, ಬಸ್ಸು ಅಥವಾ ಟೆಂಪೋ ಹತ್ತಿದ ಕೂಡಲೇ ನೀವು ಯಾವ ಸೀಟಿಗೆ ಓಡುತ್ತೀರಿ ಎಂಬುದು ನನಗೆ ಗೊತ್ತು. ಕಿಟಕಿ ಪಕ್ಕದ್ದು, ಇಲ್ಲವೇ ಚಾಲಕರ ಪಕ್ಕದ್ದು. ಮುಂದಿನ ಸಲ ವಾಹನ ನಿಂತಿರುವಾಗ ಗಾಜಿನ ಆಚೆಗೆ ನೋಡುವುದನ್ನು ಬಿಟ್ಟು ಗಾಜನ್ನೇ ನೋಡಿ. ಅದರ ಮೂಲೆಯಲ್ಲಿ ಸಣ್ಣ ಅಕ್ಷರಗಳ ಒಂದು ಗುರುತು ಇರುತ್ತದೆ. ಅದರಲ್ಲಿ ಐ.ಎಸ್. 2553 ಎಂಬುದು ಕಂಡರೆ, ಅದು ಸುರಕ್ಷಾ ಗಾಜಿಗೆ ಸಂಬಂಧಿಸಿದ ಭಾರತೀಯ ಮಾನಕದ ಸಂಖ್ಯೆ. ಮುಂದಿನ ಗಾಜಿನ ಮೇಲೆ 'ಲ್ಯಾಮಿನೇಟೆಡ್' ಎಂದೂ, ಪಕ್ಕದ ಗಾಜಿನ ಮೇಲೆ 'ಟಫನ್ಡ್' ಅಥವಾ 'ಟೆಂಪರ್ಡ್' ಎಂದೂ ಇಂಗ್ಲಿಷಿನಲ್ಲಿ ಬರೆದಿರುವುದುಂಟು. ನೋಡಲು ಎರಡೂ ಒಂದೇ. ಒಡೆದಾಗ ಮಾತ್ರ ಅವುಗಳ ಗುಣ ಬೇರೆ ಬೇರೆ ಎಂದು ತಿಳಿಯುತ್ತದೆ.

ಪಕ್ಕದ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಅದರ ಎರಡೂ ಮೈಗೆ ಜೋರಾಗಿ ಗಾಳಿ ಊದಿ ತಟ್ಟನೆ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗುವಾಗ ಹೊರಮೈಯನ್ನು ಒಳಕ್ಕೆ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಈ ಬಿಗಿತದಿಂದಲೇ ಅದಕ್ಕೆ ಅಷ್ಟು ಬಲ. ಒಂದು ಕಡೆ ಬಿರುಕು ಒಳಗೆ ಹೊಕ್ಕರೆ ಸಾಕು, ಇಡೀ ಬಿಗಿತ ಒಮ್ಮೆಲೇ ಬಿಡುಗಡೆಯಾಗಿ ಗಾಜು ಕಲ್ಲುಸಕ್ಕರೆಯಂಥ ಮೊಂಡು ಚೂರುಗಳಾಗಿ ಉದುರುತ್ತದೆ. ಉದ್ದನೆಯ ಚೂಪಾದ ಹಲ್ಲೆಗಳು ಆಗುವುದಿಲ್ಲ. ಆದರೆ ಇಂಥ ಗಾಜಿಗೆ ರಿಪೇರಿ ಎಂಬುದಿಲ್ಲ. ಒಡೆದರೆ ಬೇರೆಯದನ್ನೇ ಹಾಕಬೇಕು.

ಮುಂದಿನ ಗಾಜು ಹೀಗೆ ಉದುರಿಬಿಟ್ಟರೆ ಚಾಲಕರ ಗತಿ ಏನು? ಆದ್ದರಿಂದ ಅಲ್ಲಿ ಎರಡು ತೆಳು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಇಟ್ಟು ಬೆಸೆದಿರುತ್ತಾರೆ. ಹಾಳೆಯ ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರ್, ಅಷ್ಟೇ. ಗಾಜು ಒಡೆದರೂ ಚೂರುಗಳು ಅದಕ್ಕೆ ಅಂಟಿಕೊಂಡೇ ಇರುತ್ತವೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಎಡ್ವರ್ಡ್ ಬೆನೆಡಿಕ್ಟಸ್ ಎಂಬುವರ ಪ್ರಯೋಗಾಲಯದಲ್ಲಿ 1903ರಲ್ಲಿ ಒಂದು ಗಾಜಿನ ಫ್ಲಾಸ್ಕ್ ಕೆಳಗೆ ಬಿದ್ದು, ಬಿರುಕು ಬಿಟ್ಟರೂ ಚೆದುರಲಿಲ್ಲವಂತೆ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿ ಗಾಜಿಗೆ ಪೊರೆಯಂತೆ ಹಿಡಿದಿತ್ತು. ಅವರು 1909ರಲ್ಲಿ ಪೇಟೆಂಟ್ ಪಡೆದರು. ನಮ್ಮ ದೇಶದಲ್ಲಿ ವಾಹನಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ.

ಇಷ್ಟೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಉಳಿದದ್ದನ್ನು ತಿಳಿದದ್ದು ಹಿರಿಯೂರಿನ ಒಂದು ಗಾಜಿನ ಅಂಗಡಿಯ ಮುಂದೆ, ಹನ್ನೊಂದು ಮಕ್ಕಳ ಜೊತೆ ನಿಂತಾಗ.

ಚಿತ್ರದುರ್ಗದಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ಮಕ್ಕಳು, ಇಬ್ಬರು ಶಿಕ್ಷಕಿಯರು, ನಾನು, ಜೊತೆಗೆ ಮಾದರಿಗಳ ರಟ್ಟಿನ ಪೆಟ್ಟಿಗೆಗಳು ಒಂದು ಬಾಡಿಗೆ ವಾಹನದಲ್ಲಿ ಹೊರಟಿದ್ದೆವು. ಚಾಲಕರ ಮುಂದೆಯೇ ಗಾಜಿನಲ್ಲಿ ತೊಗರಿಬೇಳೆಯಷ್ಟು ಅಗಲದ ಒಂದು ಏಟು. ನಾಲ್ಕು ದಿನದ ಹಿಂದೆ ಜಲ್ಲಿ ತುಂಬಿದ ಟಿಪ್ಪರ್‌ನಿಂದ ಹಾರಿದ ಕಲ್ಲು ತಗುಲಿದ್ದಂತೆ. "ಅದೇನ್ ಮಾಡ್ತೈತೆ ಸಾರ್, ಹಂಗೇ ಓಡ್ತೈತೆ" ಎಂದರು ಅವರು. ಊರು ದಾಟಿ ಒಂದು ಹಂಪ್ ಹಾರಿದ್ದೇ ತಡ, ಟಿಕ್ ಎಂಬ ಸದ್ದಾಯಿತು. ನಮ್ಮ ಕಣ್ಣೆದುರೇ ಬಿರುಕು ಹಾವಿನಂತೆ ಹರಿದು ಗಾಜಿನ ಅಂಚು ಮುಟ್ಟಿತು. ಅಲ್ಲಿಂದಲೇ ಗಾಡಿಯನ್ನು ತಿರುಗಿಸಿದೆವು.

ಇಷ್ಟು ದಿನ ಸುಮ್ಮನಿದ್ದ ಏಟು ಅಂದೇ ಏಕೆ ಹರಿಯಿತು? ಬಟ್ಟೆ ಅಂಗಡಿಯಲ್ಲಿ ನೀವು ನೋಡಿರಬಹುದು. ಅಂಚಿಗೆ ಕತ್ತರಿಯಿಂದ ಸ್ವಲ್ಪ ಕಚ್ಚು ಮಾಡಿ ಎಳೆದರೆ ಬಟ್ಟೆ ಸರ್‍ರನೆ ಸೀಳುತ್ತದೆ, ಕಚ್ಚಿಲ್ಲದೆ ಎಳೆದರೆ ಸೀಳುವುದಿಲ್ಲ. ಎಳೆತವೆಲ್ಲ ಕಚ್ಚಿನ ತುದಿಗೆ ಬಂದು ಸೇರುತ್ತದೆ. ಗಾಜಿನಲ್ಲೂ ಸಣ್ಣ ದೋಷವೇ ಬಲವನ್ನು ತಗ್ಗಿಸುತ್ತದೆಂದು ಇಂಗ್ಲೆಂಡಿನ ಗ್ರಿಫಿತ್ ಎಂಬ ಎಂಜಿನಿಯರ್ 1921ರಲ್ಲೇ ವಿವರಿಸಿದ್ದರು. ಬಿರುಕಿನ ತುದಿಗೆ ನೀರಿನ ಪಸೆ ತಲುಪಿದರೆ ಗಾಜಿನ ಅಣುಗಳ ಬಂಧ ಇನ್ನೂ ಸುಲಭವಾಗಿ ಬಿಡುತ್ತದೆ. ಬಿಸಿಲೂ ಸೇರಿಕೊಳ್ಳುತ್ತದೆ. ಒಂದೂವರೆ ಮೀಟರ್ ಅಗಲದ ಗಾಜು 40 ಡಿಗ್ರಿಯಷ್ಟು ಕಾದರೆ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ನಮಗೆ ಅದು ಏನೂ ಅಲ್ಲ, ಬಿರುಕಿಗೆ ಅದು ಬಹಳ.

ಅಂಗಡಿಯ ಮೇಸ್ತ್ರಿ ವಯಸ್ಸಾದವರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು. ಗಾಜಿನ ಮೇಲೆ ಬೆರಳಾಡಿಸಿ, "ಏಟು ಬಿದ್ದ ದಿನವೇ ಬಂದಿದ್ರೆ ಅರ್ಧ ಗಂಟೆ ಕೆಲಸ. ಈಗ ಅಂಚಿಗೆ ಹೋಗೈತೆ, ಬದಲಾಯಿಸಲೇಬೇಕು" ಎಂದರು. ಆ ಅರ್ಧ ಗಂಟೆಯ ಕೆಲಸ ಯಾವುದೆಂದು ಮಕ್ಕಳು ಕೇಳಿದಾಗ, ಬೇರೊಂದು ಕಾರಿನ ಗಾಜಿನಲ್ಲಿ ಅದನ್ನು ತೋರಿಸಿದರು. ಏಟಿನ ಮೇಲೆ ಸಣ್ಣ ಪಂಪು ಕೂರಿಸಿ ಮೊದಲು ಒಳಗಿನ ಗಾಳಿಯನ್ನು ಎಳೆದರು. ಆಮೇಲೆ ನೀರಿನಂಥ ರಾಳದ ಹನಿಯನ್ನು ಒತ್ತಡದಿಂದ ಒಳಕ್ಕೆ ತಳ್ಳಿದರು. ನೇರಳಾತೀತ ದೀಪ ಹಿಡಿದ ಕೆಲವೇ ನಿಮಿಷಗಳಲ್ಲಿ ರಾಳ ಗಟ್ಟಿಯಾಯಿತು. ನಕ್ಷತ್ರದಂತೆ ಹೊಳೆಯುತ್ತಿದ್ದ ಏಟಿನ ಜಾಗದಲ್ಲಿ ಉಳಿದದ್ದು ಮಸುಕಾದ ಒಂದು ಚುಕ್ಕೆ.

ಅದು ಮಾಯವಾದದ್ದು ಹೇಗೆಂಬುದನ್ನು ನೀವು ಶಾಲೆಯಲ್ಲೇ ಮಾಡಿ ನೋಡಬಹುದು. ನೋಟ್‌ಬುಕ್ಕಿನ ಹಾಳೆಯ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ, ಬೆಳಕಿಗೆ ಹಿಡಿಯಿರಿ. ಎಣ್ಣೆ ತಾಗಿದ ಕಡೆ ಬೆಳಕು ಹಾದುಬರುತ್ತದೆ. ಕಾಗದದ ನಾರುಗಳ ಸಂದಿಯಲ್ಲಿ ಗಾಳಿ ಇದ್ದಾಗ ಬೆಳಕು ಪ್ರತಿಯೊಂದು ನಾರಿನಲ್ಲೂ ಬಾಗಿ, ಪ್ರತಿಫಲಿಸಿ ಚೆದುರುತ್ತಿತ್ತು. ಎಣ್ಣೆ ಆ ಸಂದಿಗಳನ್ನು ತುಂಬಿತು. ಎಣ್ಣೆಯಲ್ಲೂ ನಾರಿನಲ್ಲೂ ಬೆಳಕು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಚಲಿಸುವುದರಿಂದ ಚೆದುರಲು ಕಾರಣ ಉಳಿಯಲಿಲ್ಲ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.52. ರಾಳವನ್ನೂ ಅದಕ್ಕೆ ಹತ್ತಿರವಾಗುವಂತೆ ತಯಾರಿಸಿರುತ್ತಾರೆ. ಬಿರುಕಿನೊಳಗೆ ಧೂಳು, ನೀರು ಸೇರಿದ್ದರೆ ಮಾತ್ರ ರಾಳ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಏಟು ಬಿದ್ದ ಕೂಡಲೇ ಅದರ ಮೇಲೊಂದು ಪಾರದರ್ಶಕ ಟೇಪು ಅಂಟಿಸಬೇಕಂತೆ.

ಇನ್ನು ನಮ್ಮ ಗಾಡಿ. ಹಳೆಯ ಬಸ್ಸು ಲಾರಿಗಳಲ್ಲಿ ಗಾಜನ್ನು ರಬ್ಬರ್ ಬೀಡಿಂಗ್‌ನಲ್ಲಿ ಕೂರಿಸುತ್ತಿದ್ದರು. ಬೀಡಿಂಗ್‌ನ ಗಾಡಿಯಲ್ಲಿ ದಾರ ಸೇರಿಸಿ, ಸೋಪಿನ ನೀರು ಹಚ್ಚಿ, ಒಳಗಿನಿಂದ ದಾರ ಎಳೆಯುತ್ತ ಹೋದರೆ ರಬ್ಬರಿನ ತುಟಿ ಚೌಕಟ್ಟಿನ ಒಳಗೆ ಬಂದು ಕೂರುತ್ತದೆ. ನಮ್ಮ ವಾಹನದ ಗಾಜನ್ನು ಅಂಟಿನಿಂದಲೇ ಚೌಕಟ್ಟಿಗೆ ಹಿಡಿಸಿತ್ತು. ಭಾಯ್ ಒಳಗೆ, ಅವರ ಹುಡುಗ ಹೊರಗೆ. ತೆಳುವಾದ ಉಕ್ಕಿನ ತಂತಿಯನ್ನು ಅಂಟಿನ ಮೂಲಕ ತೂರಿಸಿ, ಗರಗಸ ಎಳೆದಂತೆ ಇಬ್ಬರೂ ಎಳೆದು ಗಾಜನ್ನು ಬಿಡಿಸಿದರು. ಹಳೆಯ ಅಂಟನ್ನು ಪೂರ್ತಿ ಕೆರೆಯಲಿಲ್ಲ. ತೆಳುವಾದ ಒಂದು ಪದರ ಉಳಿಸಿದರು. ಹೊಸ ಅಂಟು ಅದರ ಮೇಲೆ ಚೆನ್ನಾಗಿ ಕೂರುತ್ತದೆ, ಕಬ್ಬಿಣಕ್ಕೆ ಗೀರು ಬಿದ್ದು ತುಕ್ಕು ಹಿಡಿಯುವುದೂ ತಪ್ಪುತ್ತದೆ. ಹೊಸ ಗಾಜಿನ ಅಂಚಿಗೆ ಪ್ರೈಮರ್ ಬಳಿದು, ಚೌಕಟ್ಟಿನ ಸುತ್ತ ಕಪ್ಪು ಪಾಲಿಯುರಿಥೇನ್ ಅಂಟನ್ನು ಎಲ್ಲೂ ಕಡಿಯದ ಒಂದೇ ಎಳೆಯಾಗಿ ಹಾಕಿದರು. ಗಾಜಿನ ಸುತ್ತ ಕಪ್ಪು ಅಂಚು ನೋಡಿದ್ದೀರಲ್ಲ, ಅದು ಬರೀ ಅಲಂಕಾರವಲ್ಲ. ಬಿಸಿಲಿನ ನೇರಳಾತೀತ ಕಿರಣ ತಗುಲಿ ಅಂಟು ಹಾಳಾಗದಂತೆ ಅದು ತಡೆಯುತ್ತದೆ.

ಹನ್ನೊಂದಕ್ಕೆ ಗಾಜು ಕೂತಿತು. ಚಾಲಕರು ಕೀಲಿ ಕೈಗೆ ತೆಗೆದುಕೊಂಡು, "ಭಾಯ್, ಹಿಡ್ಕಂಡೈತಲ್ಲ, ಹೊರಡ್ತೀವಿ. ಮಕ್ಕಳಿಗೆ ಲೇಟಾಗ್ತೈತೆ" ಎಂದರು.

"ಮೂರು ಗಂಟೆ ಆಗಲಿ. ಅಂಟಿನ ಡಬ್ಬಿ ಮೇಲೆ ನಾಲ್ಕು ಗಂಟೆ ಅಂತ ಬರೆದೈತೆ."

"ನಿಧಾನಕ್ಕೆ ಹೋಗ್ತೀನಿ ಭಾಯ್."

"ನೀನು ನಿಧಾನಕ್ಕೆ ಹೋಗ್ತೀಯಪ್ಪ, ಎದುರಿಗೆ ಬರೋನು? ಮಕ್ಕಳು ಕೂರೋ ಗಾಡಿ ಇದು. ಬೇಕಾದ್ರೆ ದುಡ್ಡು ಆಮೇಲೆ ಕೊಡು, ಕೀಲಿ ಮಾತ್ರ ಇಲ್ಲಿಡು."

ಭಾಯ್ ಹೇಳಿದ್ದು ಸರಿ. ಅಪಘಾತವಾದಾಗ ಒಳಗಿದ್ದವರು ಹೊರಕ್ಕೆ ಎಸೆಯಲ್ಪಡದಂತೆ ಈ ಗಾಜು ತಡೆಯುತ್ತದೆ. ವಾಹನ ಮಗುಚಿದರೆ ಚಾವಣಿಗೆ ಆಸರೆಯಾಗುತ್ತದೆ. ಅನೇಕ ಕಾರುಗಳಲ್ಲಿ ಚಾಲಕರ ಪಕ್ಕದವರ ಗಾಳಿಚೀಲ ಉಬ್ಬುವಾಗ ಈ ಗಾಜಿಗೇ ಒತ್ತುತ್ತದೆ. ಅಂಟು ಬಲಿತಿರದಿದ್ದರೆ ಇವುಗಳಲ್ಲಿ ಯಾವುದೂ ಆಗುವುದಿಲ್ಲ, ಗಾಜು ಇಡಿಯಾಗಿ ಕಿತ್ತುಬರುತ್ತದೆ.

ಏಳನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: "ಸಾರ್, ಗಾಡೀನ ಬಿಸಿಲಿಗೆ ನಿಲ್ಲಿಸಿದ್ರೆ ಅಂಟು ಬೇಗ ಒಣಗಲ್ವಾ?" ನನಗೆ ಬಹಳ ಸಂತೋಷವಾದ ಪ್ರಶ್ನೆ ಇದು. ಈ ಅಂಟು ನಮ್ಮ ಮೈದಾಹಿಟ್ಟಿನ ಅಂಟಿನಂತೆ ನೀರನ್ನು ಕಳೆದುಕೊಂಡು ಒಣಗುವುದಿಲ್ಲ. ಗಾಳಿಯಲ್ಲಿರುವ ನೀರಾವಿಯನ್ನು ಹೀರಿಕೊಂಡು, ಅದರೊಡನೆ ರಾಸಾಯನಿಕವಾಗಿ ವರ್ತಿಸಿ ಗಟ್ಟಿಯಾಗುತ್ತದೆ. ಹೊರಮೈ ಮೊದಲು ಬಲಿಯುತ್ತದೆ, ಒಳಕ್ಕೆ ತೇವ ತಲುಪಲು ಹೊತ್ತು ಬೇಕು. ಬೆಚ್ಚಗಿದ್ದರೆ ಕ್ರಿಯೆ ಚುರುಕಾಗುವುದು ನಿಜ. ಆದರೆ ಗಾಳಿ ತೀರ ಒಣಗಿದ್ದರೆ ಮತ್ತೆ ನಿಧಾನ. ಮುಟ್ಟಿ ನೋಡಿ ಹಿಡಿದಿದೆ ಎನ್ನುವುದು ಹೊರಮೈಯ ಮಾತು ಮಾತ್ರ.

ಕೊನೆಗೆ ಮಕ್ಕಳು ಪೆಟ್ಟಿಗೆಗಳನ್ನು ಹೊತ್ತು ಸರ್ಕಾರಿ ಬಸ್ಸು ಹತ್ತಿದರು. ಕಂಡಕ್ಟರ್ ಗಾಳಿಯಂತ್ರದ ಮಾದರಿಗೆ ತಮ್ಮ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ತಲುಪುವಷ್ಟರಲ್ಲಿ ತೀರ್ಪುಗಾರರ ಮೊದಲ ಸುತ್ತು ಮುಗಿದಿತ್ತು. ಊಟದ ನಂತರ ಬಂದು ನೋಡಿದರಾದರೂ ಬಹುಮಾನ ಸಿಗಲಿಲ್ಲ. ಇಬ್ಬರು ಹುಡುಗರು ಅತ್ತರು.

ವಾಹನ ಸಂಜೆಗೆ ಬಂತು. ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಬಾಗಿಲನ್ನು ಜೋರಾಗಿ ಹಾಕಬೇಡಿ ಎಂದು ಭಾಯ್ ಹೇಳಿ ಕಳಿಸಿದ್ದರು. ಒಳಗಿನ ಗಾಳಿ ಒತ್ತಲ್ಪಟ್ಟು, ಇನ್ನೂ ಪೂರ್ತಿ ಬಲಿಯದ ಅಂಟನ್ನು ಹೊರಕ್ಕೆ ತಳ್ಳುತ್ತದಂತೆ. ಪ್ರಶ್ನೆ ಕೇಳಿದ ಹುಡುಗಿಯೇ ಬಾಗಿಲ ಬಳಿ ಕೂತು, ದಾರಿಯುದ್ದಕ್ಕೂ ಇಳಿಯುವವರಿಗೆಲ್ಲ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದಳು.

ಭಾಯ್ ನನಗೆ ಎರಡು ವಸ್ತು ಕೊಟ್ಟಿದ್ದಾರೆ. ಒಂದು, ಟಫನ್ಡ್ ಗಾಜಿನ ಚೂರು ತುಂಬಿದ ಬಾಟಲಿ. ಇನ್ನೊಂದು, ಒಡೆದ ಲ್ಯಾಮಿನೇಟೆಡ್ ಗಾಜಿನ ಅಂಗೈ ಅಗಲದ ತುಂಡು, ಅಂಚಿಗೆಲ್ಲ ದಪ್ಪ ಟೇಪು ಸುತ್ತಿದೆ. ಎರಡೂ ನಮ್ಮ ವಿಜ್ಞಾನ ಸಂಪನ್ಮೂಲ ಕೇಂದ್ರದ ಕಪಾಟಿನಲ್ಲಿವೆ. ರಸ್ತೆಯಲ್ಲಿ ಬಿದ್ದ ಗಾಜನ್ನು ಮಾತ್ರ ನೀವು ಆಯಬೇಡಿ. ನಿಮ್ಮ ಶಿಕ್ಷಕರ ಜೊತೆ ಬನ್ನಿ, ತುಂಡನ್ನು ಬೆಳಕಿಗೆ ಹಿಡಿದು ನಡುವಿನ ಹಾಳೆ ಎಲ್ಲಿದೆ ಎಂದು ಹುಡುಕೋಣ.